ಕಲ್ಲು ನಿಲ್ಲತ್ತೆ, ವೇಷ ನಿಲ್ಲಲ್ಲ: ಮೊದಲ ಡಿಎಸ್ಎಲ್ಆರ್ ತಗೊಳ್ಳೋ ಮುಂಚೆ

ಬೇಲೂರಿನ ಚೆನ್ನಕೇಶವ ದೇವಸ್ಥಾನದ ನವರಂಗದೊಳಗೆ ಎಷ್ಟು ಕತ್ತಲೆ ಇರತ್ತೆ ಅಂತ ಹೋಗಿ ನೋಡಿದೋರಿಗೆ ಗೊತ್ತು. ಹೊರಗಡೆ ಬಿಸಿಲಿಗೆ ಕಣ್ಣು ಬಿಡೋಕಾಗಲ್ಲ, ಹೊಸ್ತಿಲು ದಾಟಿದ ಮೇಲೆ ಸ್ವಲ್ಪ ಹೊತ್ತು ಏನೂ ಕಾಣಲ್ಲ, ಆಮೇಲೆ ನಿಧಾನಕ್ಕೆ ಕಂಬಗಳು ಒಂದೊಂದೇ ಮೂಡ್ಕೊಂಡು ಬರ್ತವೆ. ಹೊರಗೆ ಸುತ್ತಲೂ 38 ಮದನಿಕೆಯರು, ಒಳಗೆ ಮಧ್ಯದ ಕಂಬಗಳ ಮೇಲೆ ನಾಲ್ಕು. ಒಳಗಿನ ಒಬ್ಬಳ ಕೈಯಲ್ಲಿರೋ ಬಳೆ ಬೇರೆಯಾಗಿ ಬಿಡಿಸಿ ಕೆತ್ತಿದ್ದು, ಮೇಲೆ ಕೆಳಗೆ ಸರಿಯತ್ತೆ ಅಂತ ಗೈಡ್‌ಗಳು ಎಲ್ಲರಿಗೂ ತೋರಿಸ್ತಾರೆ. ನಾನು ಮೊದಲ ಡಿಎಸ್ಎಲ್ಆರ್, ಅಂದ್ರೆ ಲೆನ್ಸ್ ಬದಲಾಯಿಸೋಕಾಗೋ ಕ್ಯಾಮೆರಾ, ತಗೊಂಡು ಒಂದು ವಾರಕ್ಕೆ ಅಲ್ಲಿಗೆ ಹೋಗಿದ್ದೆ, ಆ ಬಳೆಯ ಫೋಟೋ ತೆಗೀಬೇಕು ಅಂತಲೇ ಹೋಗಿದ್ದು ಅಂದ್ರೂ ಸರಿ, ಯಾಕಂದ್ರೆ ಅಮ್ಮ ಮಂಡಿ ನೋವಿಂದ ಬರೋಕಾಗಿರ್ಲಿಲ್ಲ, ಚಿಕ್ಕೋಳಾಗಿದ್ದಾಗ ಅದನ್ನ ನೋಡಿದ್ದು ನೆನಪಿದೆ ಕಣೇ, ಈಗ ಸರಿಯಾಗಿ ಕಾಣೋ ಹಾಗೆ ತೆಗೆದುಕೊಂಡು ಬಾ ಅಂದಿದ್ರು.

ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕಿ ನೋಡಿದ್ರೆ ಬಳೆ ಯಾವುದು ಕೈ ಯಾವುದು ಅಂತ ಗೊತ್ತಾಗ್ತಿರ್ಲಿಲ್ಲ. ಎರಡೂ ಒಂದಕ್ಕೊಂದು ಕರಗಿ ಸೇರ್ಕೊಂಡಿದ್ವು. ಒಂದಲ್ಲ ಎರಡಲ್ಲ, ನಲವತ್ತು ಫೋಟೋ, ನಲವತ್ತೂ ಹಾಗೇ. ಆದ್ರೆ ವಿಚಿತ್ರ ಏನಂದ್ರೆ, ಅದೇ ದಿನ ಅದೇ ಕತ್ತಲೆಯಲ್ಲಿ ಅದೇ ಕೈಯಲ್ಲಿ ಇನ್ನೊಂದು ಚಿಕ್ಕ ಲೆನ್ಸ್‌ನಲ್ಲಿ ತೆಗೆದ ಕಂಬಗಳ ಫೋಟೋ ಚೆನ್ನಾಗಿ ಬಂದಿತ್ತು, ಉಳಿಯ ಗೆರೆ ಸಮೇತ. ಕ್ಯಾಮೆರಾ ಕೆಟ್ಟಿದ್ರೆ ಎರಡೂ ಕೆಡ್ಬೇಕಿತ್ತಲ್ಲ? ಫೋಕಸ್ ತಪ್ಪಿದ್ರೆ ಕೈಯ ಬದಲು ಹಿಂದಿನ ಕಂಬನಾದ್ರೂ ಎಲ್ಲೋ ಒಂದು ಕಡೆ ಚೂಪಾಗಿರ್ಬೇಕಿತ್ತಲ್ಲ? ಇಲ್ಲಿ ಇಡೀ ಫೋಟೋ ಒಂದೇ ದಿಕ್ಕಿಗೆ ಒರೆಸಿದ ಹಾಗಿತ್ತು. ಅದು ಕೈ ನಡುಗಿದ ಗುರುತು.

ಎರಡು ಲೆನ್ಸ್ ಪಕ್ಕಪಕ್ಕ ಇಟ್ಟು ಮೈಮೇಲೆ ಬರೆದಿದ್ದನ್ನ ಓದ್ದಾಗ ಗೊತ್ತಾಯ್ತು. ಚಿಕ್ಕದರ ಮೇಲೆ ಎರಡು ಅಕ್ಷರ ಜಾಸ್ತಿ ಇತ್ತು, ಕೈ ನಡುಕವನ್ನ ಸರಿದೂಗಿಸೋ ಸ್ಟೆಬಿಲೈಸೇಶನ್ ಒಳಗಿದೆ ಅನ್ನೋ ಗುರುತು. ದೊಡ್ಡದು, 70-300, ಅದರ ಮೇಲೆ ಇರ್ಲಿಲ್ಲ. ಅಂಗಡಿಯಲ್ಲಿ ಎರಡು ಲೆನ್ಸಿನ ಕಾಂಬೋ, ಬ್ಯಾಗ್ ಫ್ರೀ, ಮೆಮರಿ ಕಾರ್ಡ್ ಫ್ರೀ ಅಂತ ಕೊಟ್ಟಿದ್ರು, ಎಷ್ಟು ಮೆಗಾಪಿಕ್ಸೆಲ್ ಅಂತ ನಾನು ಕೇಳಿದ್ದೆ, ಅವರು ಹೇಳಿದ್ರು, ಈ ಎರಡು ಅಕ್ಷರದ ವಿಷಯ ನಾನೂ ಕೇಳ್ಲಿಲ್ಲ ಅವರೂ ಹೇಳ್ಲಿಲ್ಲ.

ಇದನ್ನೆಲ್ಲಾ ಈಗ ಬರೀತಿರೋದು ಅಕ್ಕನ ಮಗನಿಗೋಸ್ಕರ. ಇಂಜಿನಿಯರಿಂಗ್ ಮೂರನೇ ವರ್ಷ, ದುಡ್ಡು ಕೂಡಿಟ್ಟಿದಾನೆ, ಮೂವತ್ತು ಸಾವಿರದೊಳಗೆ ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್ ತಗೋಬೇಕಂತೆ. "ಚಿಕ್ಕಮ್ಮ, ಈ ಸ್ಟೆಬಿಲೈಸೇಶನ್ ಅನ್ನೋದು ಬೇಕೇ ಬೇಕಾ, ಅದಿಲ್ಲದ್ದು ನಾಲ್ಕು ಸಾವಿರ ಕಮ್ಮಿಗೆ ಸಿಗ್ತಿದೆ" ಅಂತ ಕೇಳ್ದ. ಫೋನಲ್ಲಿ ಹೇಳೋಕೆ ಹೋಗಿ ಅರ್ಧ ಗಂಟೆ ಆಯ್ತು, ಅದಕ್ಕೇ ಬರೆದುಬಿಡೋಣ ಅಂತ.

ಮೊದಲು ಕೈ ನಡುಗೋದರ ವಿಷಯ. ಎಲ್ಲರ ಕೈಯೂ ನಡುಗತ್ತೆ, ಎಷ್ಟು ಗಟ್ಟಿಗನಾದ್ರೂ ಸರಿ, ಉಸಿರಾಟ ಇದೆ ಎದೆ ಬಡಿತ ಇದೆ, ಅದು ಕ್ಯಾಮೆರಾಗೆ ಹೋಗೇ ಹೋಗತ್ತೆ. ಆದ್ರೆ ಆ ನಡುಕ ಫೋಟೋದಲ್ಲಿ ಎಷ್ಟು ಕಾಣತ್ತೆ ಅನ್ನೋದು ಲೆನ್ಸ್ ಎಷ್ಟು ದೂರದ್ದನ್ನ ಹತ್ತಿರ ಎಳೀತಿದೆ ಅನ್ನೋದರ ಮೇಲೆ. ನಮ್ಮ ಕಡೆ ಅಡಿಕೆ ಕೊಯ್ಯೋ ದೋಟಿ ನೋಡಿದೀರಲ್ಲ, ಕೆಳಗೆ ಹಿಡಿದ ಕೈ ಒಂದಿಂಚು ಆಡಿದ್ರೆ ತುದಿಯಲ್ಲಿರೋ ಕತ್ತಿ ಮಾರುದ್ದ ತೂಗಾಡತ್ತೆ, ಹೂವು ಕೀಳೋ ಗಿಡ್ಡ ಕೋಲಿನಲ್ಲಿ ಅಷ್ಟೇ ಕೈ ಆಡಿದ್ರೂ ಏನೂ ಅನ್ಸಲ್ಲ. 300 ಎಂಎಂ ಅಂದ್ರೆ ದೋಟಿ, 18 ಎಂಎಂ ಅಂದ್ರೆ ಗಿಡ್ಡ ಕೋಲು.

ಇದಕ್ಕೆ ಫಿಲಂ ಕಾಲದಿಂದ ಒಂದು ಕೈಲೆಕ್ಕ ಇದೆ. ಲೆನ್ಸ್ ಎಷ್ಟು ಎಂಎಂ ಇದೆಯೋ ಕೆಳಗೆ ಆ ಸಂಖ್ಯೆ ಮೇಲೆ ಒಂದು, ಷಟರ್ ಸ್ಪೀಡ್, ಅಂದ್ರೆ ಬೆಳಕು ಬೀಳೋಕೆ ಷಟರ್ ತೆರೆದಿರೋ ಹೊತ್ತು, ಅದಕ್ಕಿಂತ ನಿಧಾನ ಇರಬಾರದು. ಆದ್ರೆ ಆ ಲೆಕ್ಕ 35 ಎಂಎಂ ಫಿಲಂಗೆ ಹೇಳಿದ್ದು. ಮೊದಲ ಸಲ ತಗೊಳ್ಳೋರ ಕೈಗೆ ಸಿಗೋ ಡಿಎಸ್ಎಲ್ಆರ್‌ಗಳಲ್ಲಿ ಫಿಲಂ ಬದಲು ಚಿತ್ರ ಹಿಡಿಯೋ ಸೆನ್ಸರ್ ಅದಕ್ಕಿಂತ ಚಿಕ್ಕದು, ಹಾಗಾಗಿ ನಿಕಾನ್ ಆದ್ರೆ 1.5ರಿಂದ ಕ್ಯಾನನ್ ಆದ್ರೆ 1.6ರಿಂದ ಗುಣಿಸ್ಬೇಕು. 300 ಎಂಎಂಗೆ 450, ಅಂದ್ರೆ ಹತ್ತಿರ ಹತ್ತಿರ 1/500 ಸೆಕೆಂಡ್ ಬೇಕು. ಬೇಲೂರಲ್ಲಿ ನನ್ನ ಫೋಟೋಗಳೆಲ್ಲಾ ಎಷ್ಟರಲ್ಲಿ ತೆಗೆದಿದ್ದು ಅಂತ ಆಮೇಲೆ ನೋಡಿದ್ರೆ 1/40. ಎಲ್ಲಿಯ 500 ಎಲ್ಲಿಯ 40. ಚಿಕ್ಕ ಲೆನ್ಸ್ 55 ಎಂಎಂನಲ್ಲಿ 1/80 ಕೇಳ್ತಿತ್ತು, ನಾನು ತೆಗೆದಿದ್ದು 1/20, ಆದ್ರೂ ಫೋಟೋ ನಿಂತಿತ್ತು ಅಂದ್ರೆ ಒಳಗೆ ಯಾರೋ ನನ್ನ ಕೈ ಹಿಡ್ಕೊಂಡಿದ್ರು ಅಂತಲೇ ಅರ್ಥ.

ಯಾರೋ ಅಂದ್ರೆ, ಲೆನ್ಸಿನ ಒಳಗೆ ಗೈರೋ ಸೆನ್ಸರ್ ಅಂತ ಪುಟ್ಟ ಸಾಮಾನು ಇರತ್ತೆ. ಕ್ಯಾಮೆರಾ ಮೇಲೆ ಕೆಳಗೆ ಬಾಗಿದ್ದು, ಎಡಕ್ಕೆ ಬಲಕ್ಕೆ ತಿರುಗಿದ್ದು ಎಷ್ಟು ವೇಗವಾಗಿ ಅಂತ ಅವು ಅಳೀತಾನೇ ಇರ್ತವೆ, ಅದನ್ನ ನೋಡ್ಕೊಂಡು ಒಂದು ಚಿಪ್ ಲೆನ್ಸಿನೊಳಗಿನ ಗಾಜುಗಳ ಒಂದು ಗುಂಪನ್ನ ಅದಕ್ಕೆ ಉಲ್ಟಾ ದಿಕ್ಕಿಗೆ ಸರಿಸತ್ತೆ, ಹೀಗೆ ಸೆಕೆಂಡಿಗೆ ಎಷ್ಟೋ ಸಲ. ತಲೆ ಮೇಲೆ ನೀರಿನ ಕೊಡ ಹೊತ್ತು ನಡ್ಕೊಂಡು ಹೋಗೋರನ್ನ ನೆನೆಸ್ಕೊಳ್ಳಿ, ಸೊಂಟ ತೂಗ್ತಾ ಇರತ್ತೆ ಕಾಲು ಏರು ತಗ್ಗು ಹತ್ತಿ ಇಳೀತಿರತ್ತೆ, ಕತ್ತು ಮಾತ್ರ ಅದಕ್ಕೆ ತಕ್ಕ ಹಾಗೆ ಹೊಂದಿಸ್ಕೊಂಡು ಕೊಡ ತುಳುಕದ ಹಾಗೆ ನೋಡ್ಕೊಳ್ಳತ್ತೆ. ನಡುಕ ನಿಲ್ಲಿಸ್ತಾ ಇಲ್ಲ ಅದು, ನಡುಕ ಇದ್ದರೂ ಚಿತ್ರವನ್ನ ಸೆನ್ಸರ್ ಮೇಲೆ ಅದೇ ಜಾಗದಲ್ಲಿ ಇಡ್ತಾ ಇದೆ.

ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ, ಇದೇ ಎಲ್ಲರಿಗೂ ಗೊಂದಲ. ಕ್ಯಾನನ್ ಐಎಸ್ ಅನ್ನತ್ತೆ, ನಿಕಾನ್ ವಿಆರ್ ಅನ್ನತ್ತೆ, ಸಿಗ್ಮಾ ಓಎಸ್, ಟ್ಯಾಮ್ರಾನ್ ವಿಸಿ. ಕೆಲಸ ಒಂದೇ. ಪೆಂಟಾಕ್ಸ್ ಮತ್ತೆ ಸೋನಿಯ ಹಳೇ ಎಸ್ಎಲ್ಆರ್‌ಗಳು ಬೇರೆ ದಾರಿ ಹಿಡಿದ್ವು, ಗಾಜಿನ ಬದಲು ಬಾಡಿಯೊಳಗಿನ, ಅಂದ್ರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದೊಳಗಿನ, ಸೆನ್ಸರನ್ನೇ ಅಲ್ಲಾಡಿಸೋದು. ಯಾಕೆ ಎರಡು ದಾರಿ ಅಂತ ನಂಗೆ ತುಂಬಾ ಕುತೂಹಲ ಇತ್ತು, ಓದ್ತಾ ಹೋದಾಗ ಅರ್ಥ ಆಯ್ತು. ಕ್ಯಾನನ್ ಎಸ್ಎಲ್ಆರ್‌ಗೆ ಮೊದಲ ಐಎಸ್ ಲೆನ್ಸ್, 75-300, ತಂದಿದ್ದು 1995ರಲ್ಲಿ, ಅದಕ್ಕೂ ಹಿಂದಿನ ವರ್ಷ ನಿಕಾನ್ ಒಂದು ಚಿಕ್ಕ ಫಿಲಂ ಕ್ಯಾಮೆರಾದಲ್ಲಿ ವಿಆರ್ ಇಟ್ಟಿತ್ತು. ಆಗ ಇದ್ದಿದ್ದು ಫಿಲಂ. ರೀಲಿಗೆ ಸುತ್ತಿಕೊಂಡು ಕೂತಿರೋ ಫಿಲಂನ ಅಲ್ಲಾಡಿಸೋಕಾಗಲ್ಲ, ಅಲ್ಲಾಡಿಸಿದ್ರೆ ಗಾಜನ್ನೇ ಅಲ್ಲಾಡಿಸ್ಬೇಕು. ಹಾಗಾಗಿ ಲೆನ್ಸಿನೊಳಗೇ ಇಟ್ರು, ಆಮೇಲೆ ಅದೇ ದಾರಿಯಲ್ಲಿ ಲೆನ್ಸ್ ಮೇಲೆ ಲೆನ್ಸ್ ಮಾಡ್ಕೊಂಡು ಬಂದ್ರು. ಡಿಜಿಟಲ್ ಬಂದ ಮೇಲೆ ಮಿನೋಲ್ಟಾದವರಿಗೆ ಸೆನ್ಸರ್ ಒಂದು ಚಿಕ್ಕ ಬಿಲ್ಲೆ ತಾನೇ, ಅದನ್ನೇ ಸರಿಸಿದ್ರೆ ಆಯ್ತಲ್ಲ ಅಂತ ಹೊಳೀತು, 2003ರ ಡಿಮಾಜ್ ಎ1ನಲ್ಲಿ ಮಾಡಿದ್ರು, 2004ರಲ್ಲಿ ಡಿಎಸ್ಎಲ್ಆರ್ ಒಳಗೂ ತಂದ್ರು. ಕೋನಿಕಾ ಜೊತೆ ಸೇರಿ ಕೋನಿಕಾ ಮಿನೋಲ್ಟಾ ಆಗಿದ್ದ ಆ ಕಂಪನಿ 2006ರಲ್ಲಿ ಕ್ಯಾಮೆರಾ ವ್ಯಾಪಾರವನ್ನೇ ಬಿಟ್ಟು ಸೋನಿಗೆ ಕೊಟ್ಟುಬಿಡ್ತು, ಅದೇ ವರ್ಷ ಸೋನಿಯ ಆಲ್ಫಾ 100 ಬಂತು. ಈಗ ಮಿರರ್‌ಲೆಸ್, ಅಂದ್ರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾಗಳ ಕಾಲದಲ್ಲಿ ನಿಕಾನ್ 2018ರಲ್ಲಿ, ಕ್ಯಾನನ್ 2020ರಲ್ಲಿ ಬಾಡಿಯೊಳಗೂ ತಂದಿವೆ. ಇಷ್ಟು ದೊಡ್ಡ ಕಂಪನಿಗಳು ಸುತ್ತಿ ಬಳಸಿ ಬಂದ ದಾರಿ ನೋಡಿದ್ರೆ ನಂಗೆ ಮಿನೋಲ್ಟಾದ ಆ ಇಂಜಿನಿಯರ್‌ಗಳ ಮೇಲೆ ತುಂಬಾ ಗೌರವ ಬರತ್ತೆ.

ಮೊದಲ ಕ್ಯಾಮೆರಾ ತಗೊಳ್ಳೋರಿಗೆ ಇದರಿಂದ ಆಗೋ ವ್ಯತ್ಯಾಸ ಏನಪ್ಪಾ ಅಂದ್ರೆ, ಬಾಡಿಯಲ್ಲಿ ಇದ್ರೆ ಯಾವ ಲೆನ್ಸ್ ಹಾಕಿದ್ರೂ ಸ್ಥಿರ, ಅಜ್ಜನ ಕಾಲದ ಲೆನ್ಸಿಗೂ ಸಿಗತ್ತೆ. ಲೆನ್ಸಿನಲ್ಲಿ ಇದ್ರೆ ಪ್ರತಿ ಲೆನ್ಸಿಗೂ ಬೇರೆ ಬೇರೆ ದುಡ್ಡು ಕೊಡ್ಬೇಕು. ಆದ್ರೆ ಲೆನ್ಸಿನಲ್ಲಿರೋದಕ್ಕೆ ಒಂದು ದೊಡ್ಡ ಅನುಕೂಲ ಇದೆ, ಎಸ್ಎಲ್ಆರ್‌ನಲ್ಲಿ ನಾವು ಕಣ್ಣಿಟ್ಟು ನೋಡೋದು ಲೆನ್ಸಿಂದ ಬಂದು ಕನ್ನಡಿಗೆ ಬಡಿದು ಮೇಲೆ ಬಂದ ಬೆಳಕು, ಹಾಗಾಗಿ ಗಾಜು ಸರಿದು ಚಿತ್ರ ನಿಂತ್ರೆ ನಮ್ಮ ಕಣ್ಣಿಗೂ ನಿಂತಿದ್ದೇ ಕಾಣತ್ತೆ. ಸೆನ್ಸರ್ ಕನ್ನಡಿಯ ಹಿಂದೆ ಇರತ್ತೆ, ಅದು ಎಷ್ಟು ಸರಿದ್ರೂ ಅಲ್ಲಿ ನೋಡೋವಾಗ ನಡುಕ ನಡುಕನೇ. 250, 300 ಎಂಎಂನಲ್ಲಿ ದೂರದ ಹಕ್ಕಿಯ ಕಣ್ಣಿನ ಮೇಲೆ ಫೋಕಸ್ ಬಿಂದು ಇಡೋಕೆ ಹೋದೋರಿಗೆ ಇದು ಎಷ್ಟು ಮುಖ್ಯ ಅಂತ ಗೊತ್ತಾಗತ್ತೆ. ಮೊದಲ ಸಲ ಐಎಸ್ ಇರೋ ಉದ್ದದ ಲೆನ್ಸಿನಲ್ಲಿ ಕಣ್ಣಿಟ್ಟು ಬಟನ್ ಅರ್ಧ ಒತ್ತಿದಾಗ, ಒಳಗೆ ಸಣ್ಣಗೆ ಗುಂಯ್ ಅಂತ ಸದ್ದಾಗಿ, ಅಲ್ಲಿವರೆಗೆ ಕುಣೀತಿದ್ದ ತಂತಿ ಮೇಲಿನ ಮಿಂಚುಳ್ಳಿ ನೀರಲ್ಲಿ ತೇಲಿ ನಿಂತ ಹಾಗೆ ನಿಂತುಬಿಡ್ತು. ಅವತ್ತಿನ ಖುಷಿ ಇವತ್ತಿಗೂ ಮರೆತಿಲ್ಲ.

ಡಬ್ಬದ ಮೇಲೆ ನಾಲ್ಕು ಸ್ಟಾಪ್ ಅಂತೆಲ್ಲಾ ಬರೆದಿರ್ತಾರೆ. ಒಂದು ಸ್ಟಾಪ್ ಅಂದ್ರೆ ಬೆಳಕು ದುಪ್ಪಟ್ಟು, ಅಥವಾ ಷಟರ್ ತೆರೆದಿರೋ ಹೊತ್ತು ದುಪ್ಪಟ್ಟು. 1/500 ಬೇಕಾದ ಕಡೆ 1/250 ಸಾಕು ಅಂದ್ರೆ ಒಂದು, 1/125 ಎರಡು, 1/60 ಮೂರು, 1/30 ನಾಲ್ಕು. ಈ ಸಂಖ್ಯೆಯನ್ನ ಅಳೆಯೋಕೆ ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಪಾ 2012ರಲ್ಲಿ ಒಂದೇ ರೀತಿಯ ಪದ್ಧತಿ ಮಾಡಿದೆ, ನಡುಗೋ ಮೇಜಿನ ಮೇಲೆ ಕ್ಯಾಮೆರಾ ಇಟ್ಟು ನೋಡ್ತಾರೆ. ಆದ್ರೆ ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಇರೋ ನಮ್ಮ ಕೈ ಆ ಮೇಜಲ್ಲ. ನಾನು ಡಬ್ಬದ ಮೇಲಿನ ಲೆಕ್ಕದಲ್ಲಿ ಒಂದೂವರೆ ಸ್ಟಾಪ್ ಕಳೆದೇ ನಂಬೋದು, ನಾಲ್ಕು ಅಂದ್ರೆ ಎರಡೂವರೆ. ಅಷ್ಟೇ ಆದ್ರೂ ಐಎಸ್ಒ, ಅಂದ್ರೆ ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸಂಖ್ಯೆ, 6400 ಕೇಳೋ ಕಡೆ 1600ರ ಹತ್ತಿರಕ್ಕೆ ಇಳಿಸ್ಬಹುದು, ಹಳೇ ಡಿಎಸ್ಎಲ್ಆರ್‌ಗಳಲ್ಲಿ ಆ ಎರಡರ ಮಧ್ಯೆ ಎಷ್ಟು ಕಾಳುಕಾಳು ಬರತ್ತೆ ಅಂತ ನೋಡಿದೋರು ಇದನ್ನ ಚಿಕ್ಕ ಲಾಭ ಅನ್ನಲ್ಲ. ಪುರಾತತ್ವ ಇಲಾಖೆ ನೋಡ್ಕೊಳ್ಳೋ ದೇವಸ್ಥಾನಗಳಲ್ಲಂತೂ ಅವರ ಅನುಮತಿ ಇಲ್ಲದೇ ಟ್ರೈಪಾಡ್ ಬಿಡಲ್ಲ, ಕೈಯೇ ಗತಿ.

ಈಗ ಇದರ ಇನ್ನೊಂದು ಮುಖ. ಮದನಿಕೆ ಕಲ್ಲು, ಒಂಬೈನೂರು ವರ್ಷದಿಂದ ನಿಂತಿದಾಳೆ. ಯಕ್ಷಗಾನದ ವೇಷ ನಿಲ್ಲಲ್ಲ.

ಸ್ಟೆಬಿಲೈಸೇಶನ್ ಇರೋ ಲೆನ್ಸ್ ತಗೊಂಡ ಮೇಲೆ ಎಲ್ಲಾ ಕಷ್ಟ ಮುಗೀತು ಅಂದ್ಕೊಂಡು ಒಂದು ಬಯಲಾಟಕ್ಕೆ ಹೋದೆ, ತೆಂಕುತಿಟ್ಟಿನದ್ದು, ರಾತ್ರಿ ಇಡೀ. ಧಿಗಿಣ ಹಾಕೋವಾಗ ಮೂವತ್ತು ನಲವತ್ತು ಸುತ್ತು ನಿಲ್ಲದೇ ತಿರುಗ್ತಾರಲ್ಲ, ಅದನ್ನ ತೆಗೀತಾ ಕೂತೆ. 1/30ರಲ್ಲಿ. ಮನೆಗೆ ಬಂದು ನೋಡಿದ್ರೆ ಹಿಂದಿನ ಪರದೆಯ ನೆರಿಗೆ ಚೂಪು, ಭಾಗವತರ ತಾಳ ಚೂಪು, ಚೆಂಡೆಯ ಹಗ್ಗದ ಹೆಣಿಗೆ ಸಹ ಎಣಿಸ್ಬಹುದು, ಮಧ್ಯದಲ್ಲಿ ವೇಷಧಾರಿ ಇರ್ಬೇಕಾದ ಜಾಗದಲ್ಲಿ ಕೆಂಪು ಹಳದಿ ಹೊಗೆ. ಬೇಲೂರಿನ ಫೋಟೋಗೂ ಇದಕ್ಕೂ ಇರೋ ವ್ಯತ್ಯಾಸವೇ ನಂಗೆ ಪಾಠ. ಅಲ್ಲಿ ಎಲ್ಲಾ ಒಟ್ಟಿಗೆ ಅಲ್ಲಾಡಿತ್ತು, ಇಲ್ಲಿ ಆಡ್ತಿದ್ದಿದ್ದು ಮಾತ್ರ ಅಲ್ಲಾಡಿತ್ತು. ಗೈರೋಗೆ ಗೊತ್ತಿರೋದು ನನ್ನ ಕೈ ಮಾತ್ರ, ಎದುರಿಗೆ ಇರೋರು ಕುಣೀತಾರೋ ಕೂತಿದಾರೋ ಅದಕ್ಕೆ ತಿಳಿಯಲ್ಲ.

ಕುಣಿತ ನಿಲ್ಲಿಸ್ಬೇಕು ಅಂದ್ರೆ ಷಟರ್ ವೇಗನೇ ಬೇಕು, 1/500 ಆದ್ರೂ, ಅದಕ್ಕೆ ಬೆಳಕು ಬೇಕು, ಬೆಳಕು ಬೇಕು ಅಂದ್ರೆ ಬಾಯಿ ದೊಡ್ಡದಿರೋ ಲೆನ್ಸ್ ಬೇಕು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು, ಎಫ್ 5.6ಕ್ಕೂ ಎಫ್ 1.8ಕ್ಕೂ ಮಧ್ಯೆ ಮೂರು ಸ್ಟಾಪ್‌ಗಿಂತ ಜಾಸ್ತಿ, ಸುಮಾರು ಹತ್ತು ಪಟ್ಟು ಬೆಳಕು. ನಿಕಾನ್‌ನ 35 ಎಂಎಂ ಎಫ್ 1.8, ಕ್ಯಾನನ್‌ನ 50 ಎಂಎಂ ಎಫ್ 1.8, ಇವೆರಡರಲ್ಲೂ ಸ್ಟೆಬಿಲೈಸೇಶನ್ ಇಲ್ಲ, ಆದ್ರೂ ಆಟ, ಮದುವೆ, ಮನೇಲಿ ಓಡಾಡೋ ಮಕ್ಕಳು, ಇದಕ್ಕೆಲ್ಲಾ ಕ್ಯಾಮೆರಾ ಜೊತೆಗೇ ಬರೋ ಐಎಸ್ ಇರೋ ಕಿಟ್ ಲೆನ್ಸಿಗಿಂತ ಇವೇ ಮೇಲು. ನಿಕಾನ್ ತಗೊಳ್ಳೋರಿಗೆ ಒಂದು ಮಾತು, 3000 ಮತ್ತೆ 5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ, 50 ಎಂಎಂ 1.8 ಡಿ ಅಂತ ಕಮ್ಮಿಗೆ ಸಿಗೋದು ಇವುಗಳ ಮೇಲೆ ತಾನಾಗೇ ಫೋಕಸ್ ಆಗಲ್ಲ, ಕೈಯಲ್ಲೇ ತಿರುಗಿಸ್ಬೇಕು. ಎಎಫ್-ಎಸ್, ಜಿ ಅಂತ ಇರೋದನ್ನ ನೋಡಿ ತಗೊಳ್ಳಿ.

ರಂಗನತಿಟ್ಟಿನಲ್ಲೂ ಅದೇ ಕಥೆ. ದೋಣಿ ತೂಗತ್ತೆ, ಬಣ್ಣದ ಕೊಕ್ಕರೆ ಗೂಡಿಗೆ ಕಡ್ಡಿ ಹೊತ್ತು ಹಾರ್ತಾ ಬರತ್ತೆ. ಹಾರೋ ಹಕ್ಕಿಗೆ 1/1000, 1/1600 ಇಟ್ಟ ಮೇಲೆ ಕೈ ನಡುಕ ಫೋಟೋದಲ್ಲಿ ಕಾಣೋದೇ ಇಲ್ಲ, ಅಲ್ಲಿ ಐಎಸ್ ಇಂದ ಆಗೋ ಉಪಯೋಗ ಕಣ್ಣಿಗೆ ಹಕ್ಕಿ ನಿಂತು ಕಾಣೋದು ಅಷ್ಟೇ. ಬಂಡೆ ಮೇಲೆ ಬಾಯಿ ಕಳೆದು ಮಲಗಿರೋ ಮೊಸಳೆಗೆ ಮಾತ್ರ ಪೂರ್ತಿ ಲಾಭ.

ಟ್ರೈಪಾಡ್ ಮೇಲೆ ಇಟ್ಟಾಗ ಐಎಸ್ ಆಫ್ ಮಾಡ್ಬೇಕು, ಇದನ್ನ ಕಾರ್ತಿಕ ದೀಪೋತ್ಸವದಲ್ಲಿ ಕಲಿತೆ. ಎಂಟು ಸೆಕೆಂಡ್ ಷಟರ್ ತೆರೆದಿಟ್ರೆ ಹಣತೆಗಳೆಲ್ಲಾ ಚುಕ್ಕಿಯ ಬದಲು ಸಣ್ಣ ಸಣ್ಣ ದಾರದ ಎಳೆಗಳ ಹಾಗೆ ಬಂದಿದ್ವು. ಅಲ್ಲಾಡದೇ ಇರೋ ಕಡೆ ಕೆಲವು ಲೆನ್ಸ್‌ಗಳ ಗಾಜು ಇಲ್ಲದ ನಡುಕವನ್ನ ಸರಿ ಮಾಡೋಕೆ ಹೋಗಿ ತಾನೇ ಅಲೆಯತ್ತೆ. ಹೊಸ ಲೆನ್ಸ್‌ಗಳಲ್ಲಿ ಕೆಲವು ಟ್ರೈಪಾಡನ್ನ ತಾವೇ ಗುರುತು ಹಿಡೀತವೆ, ಆದ್ರೂ ನಾನು ಆಫ್ ಮಾಡೇ ತೆಗೆಯೋದು.

ಅಂಗಡಿಗೆ ಹೋದಾಗ ನೋಡ್ಬೇಕಾದ್ದು. ಎಂಎಂ ಒಂದೇ ಇದ್ರೆ ಲೆನ್ಸ್ ಒಂದೇ ಅಂತ ಅಂದ್ಕೋಬೇಡಿ. ಕ್ಯಾನನ್ 18-55ರಲ್ಲಿ ಐಎಸ್ ಇರೋದೂ ಇದೆ, ಬರೀ ಮೂರು ಅಂತ ರೋಮನ್ ಅಂಕೆ ಇರೋ ಐಎಸ್ ಇಲ್ಲದ್ದೂ ಇದೆ. ಉದ್ದದ್ದು ಬೇಕಾದ್ರೆ 75-300 ಮೂರನೇದರಲ್ಲಿ ಐಎಸ್ ಇಲ್ಲ, 55-250ರಲ್ಲಿ ಇದೆ. 300 ಅನ್ನೋ ಸಂಖ್ಯೆ ದೊಡ್ಡದು ಅಂತ ಮೊದಲನೇದು ಆಸೆ ಹುಟ್ಟಿಸತ್ತೆ, ನನ್ನ ಕೇಳಿದ್ರೆ ಮೊದಲ ಕ್ಯಾಮೆರಾಗೆ 55-250 ಎಸ್‌ಟಿಎಂ (ಎಸ್‌ಟಿಎಂ ಅಂದ್ರೆ ಫೋಕಸ್ ಮೋಟಾರಿನ ಹೆಸರು) ಅನ್ನೇ ಹೇಳೋದು, ಎರಡನೇ ಯೋಚನೆ ಇಲ್ಲ. ನಿಕಾನ್‌ನ ಎಎಫ್-ಪಿ 70-300 ಡಿಎಕ್ಸ್ ಎರಡು ಥರ ಬಂದಿದೆ, ನೋಡೋಕೆ ಒಂದೇ ಥರ, ಒಂದರಲ್ಲಿ ವಿಆರ್ ಇದೆ ಒಂದರಲ್ಲಿ ಇಲ್ಲ. ಮತ್ತೆ ಈ ಎಎಫ್-ಪಿ ಲೆನ್ಸ್‌ಗಳು ತುಂಬಾ ಹಳೇ ಬಾಡಿಗಳಲ್ಲಿ ಫೋಕಸ್ ಆಗಲ್ಲ, ತಗೊಳ್ಳೋ ಬಾಡಿಗೇ ಹಾಕಿ ನೋಡ್ಬೇಕು.

ಆಮೇಲೆ ಪರೀಕ್ಷೆ. ಝೂಮ್ ಪೂರ್ತಿ ಎಳೀರಿ, ರಸ್ತೆ ಆಚೆಗಿನ ಬೋರ್ಡು ನೋಡಿ, ಅರ್ಧ ಒತ್ತಿ ಒಂದು ಸೆಕೆಂಡ್ ಕಾಯಿರಿ, ಚಿತ್ರ ನಿಲ್ಲತ್ತಾ ನೋಡಿ. ಕಾಯದೇ ಒಂದೇ ಏಟಿಗೆ ಒತ್ತಿದ್ರೆ ಗಾಜು ಇನ್ನೂ ಹೊಂದಿಸ್ಕೊಳ್ತಾ ಇರತ್ತೆ, ಎಷ್ಟೋ ಜನ ಹಾಗೆ ತೆಗೆದು ಐಎಸ್ ಸುಳ್ಳು ಅಂತಾರೆ. 1/30 ಇಟ್ಟು ಐಎಸ್ ಆನ್ ಮಾಡಿ ಹತ್ತು, ಆಫ್ ಮಾಡಿ ಹತ್ತು ತೆಗೀರಿ, ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಪೂರ್ತಿ ದೊಡ್ಡದು ಮಾಡಿ ಬೋರ್ಡಿನ ಅಕ್ಷರ ಓದಿ. ಸೆಕೆಂಡ್ ಹ್ಯಾಂಡ್ ಲೆನ್ಸಿನಲ್ಲಿ ಈ ಭಾಗವೇ ಕೆಟ್ಟಿರ್ಬಹುದು, ಬಿದ್ದಿದ್ರೆ ಆಗತ್ತೆ. ಕಣ್ಣಿಟ್ಟಾಗ ಚಿತ್ರ ತಟಕ್ಕನೆ ಹಾರಿದ್ರೆ, ಗುಂಯ್ ಅನ್ನೋ ಬದಲು ಕಟಕಟ ಅಂದ್ರೆ, ಆಫ್ ಮಾಡಿದಾಗ ಚೂಪಾಗಿ ಬಂದು ಆನ್ ಮಾಡಿದಾಗ ಕೆಟ್ಟು ಬಂದ್ರೆ, ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ಇನ್ನೊಂದು, ಬಾಡಿಯ ಮೆನುವಿನಲ್ಲಿ ಡಿಜಿಟಲ್ ಸ್ಟೆಬಿಲೈಸೇಶನ್ ಅಂತ ಇರೋದು ವಿಡಿಯೋಗೆ, ಅಂಚು ಕತ್ತರಿಸಿ ಸರಿ ಮಾಡೋದು ಅದು, ಫೋಟೋಗೂ ಅದಕ್ಕೂ ಸಂಬಂಧ ಇಲ್ಲ.

ಕ್ಯಾಮೆರಾ ಹಿಡಿಯೋದೂ ಕಲೀಬೇಕು. ಎಡಗೈ ಲೆನ್ಸಿನ ಕೆಳಗೆ ಬೊಗಸೆ ಥರ, ಎರಡೂ ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಅರ್ಧ ಬಿಟ್ಟು, ಒಂದರ ಬದಲು ಮೂರು ಫೋಟೋ ಒಟ್ಟಿಗೆ. ನಂಗೆ ಸಾಮಾನ್ಯ ಮಧ್ಯದ್ದೇ ಚೆನ್ನಾಗಿ ಬರೋದು, ಮೊದಲನೇದರಲ್ಲಿ ಬೆರಳು ಒತ್ತಿದ ಅಲುಗಾಟ ಇರತ್ತೆ. ದೇವಸ್ಥಾನದ ಕಂಬಕ್ಕೆ ದಯವಿಟ್ಟು ಒರಗಬೇಡಿ, ಅಷ್ಟು ಜನರ ಬೆವರು ತಾಗಿ ತಾಗಿ ಕೆತ್ತನೆ ಸವೀತಿದೆ. ನೆಲದ ಮೇಲೆ ಕೂತು ಮೊಣಕಾಲ ಮೇಲೆ ಮೊಣಕೈ ಇಟ್ರೆ ಅದಕ್ಕಿಂತ ಗಟ್ಟಿ.

ಎರಡನೇ ಸಲ ಬೇಲೂರಿಗೆ ಹೋದಾಗ ಹಾಗೇ ನವರಂಗದ ನೆಲದ ಮೇಲೆ ಕೂತಿದ್ದೆ. 250 ಎಂಎಂ, 1/40, ಐಎಸ್ ಆನ್. ಮೂವತ್ತರಲ್ಲಿ ಹನ್ನೊಂದು ಚೆನ್ನಾಗಿ ಬಂತು. ಬಳೆಗೂ ಮಣಿಕಟ್ಟಿಗೂ ಮಧ್ಯೆ ಕಪ್ಪಗೆ ಕೂದಲೆಳೆಯಷ್ಟು ಸಂದು, ಅಮ್ಮ ಅದನ್ನ ಲ್ಯಾಪ್‌ಟಾಪ್ ಪರದೆ ಮೇಲೆ ಬೆರಳಿಟ್ಟು ನೋಡಿದ್ರು.

ಅಕ್ಕನ ಮಗ ಶನಿವಾರ ಅಂಗಡಿಗೆ ಹೋಗಿ ಅಲ್ಲಿಂದಲೇ ಲೆನ್ಸಿನ ಮೈಮೇಲಿನ ಅಕ್ಷರದ ಫೋಟೋ ವಾಟ್ಸಾಪ್‌ಗೆ ಕಳ್ಸಿದ್ದ. ನಾಲ್ಕು ಸಾವಿರ ಕಮ್ಮಿಗೆ ಸಿಗೋದು ಅಂದಿದ್ನಲ್ಲ, ಅದರ ಮೇಲೆ ಆ ಎರಡು ಅಕ್ಷರ ಇರ್ಲಿಲ್ಲ. ಅದನ್ನ ಕೆಳಗಿಡು, ಇನ್ನೊಂದು ತೋರ್ಸಿ ಅನ್ನು ಅಂದೆ. ಮುಕ್ಕಾಲು ಗಂಟೆ ಬಿಟ್ಟು ಹತ್ತು ಫೋಟೋ ಬಂತು, ಎದುರುಗಡೆ ಬೇಕರಿ ಬೋರ್ಡಿಂದು, ಪೂರ್ತಿ ಝೂಮ್, 1/30. ಏಳರಲ್ಲಿ ಕೆಳಗಿನ ಸಾಲಿನ ಫೋನ್ ನಂಬರ್ ಸಮೇತ ಓದೋಕಾಗ್ತಿತ್ತು.